ಅಕ್ಕನ ಗೈರುಹಾಜರಿ

ಆ ದಪ್ಪ ಕಾದಂಬರಿಯನ್ನು ರಂಗಕ್ಕೆ ತರುತ್ತೇನೆಂದು ಮೇಷ್ಟ್ರು ಸಾರಿದ ದಿನ ತಂಡದಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ. ಹಾಗೆಂದು ಬಾಯಿ ಬಿಡುವ ಧೈರ್ಯವೂ ಯಾರಿಗೂ ಇರಲಿಲ್ಲ. ಎಲ್ಲರೂ ಅರೆದು ಕುಡಿದವರಂತೆ ಗೋಣು ಆಡಿಸಿದರು. ಲೈಟಿನವನಂತೂ ಅದರ ಕೊನೆಯ ಭಾಗ ತನ್ನನ್ನು ವಾರಗಟ್ಟಲೆ ಕಾಡಿತು ಅಂದುಬಿಟ್ಟ. ತಂಡದಲ್ಲಿದ್ದ ಒಂದೇ ಪ್ರತಿಯಲ್ಲಿ ಕೊನೆಯ ಭಾಗದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ನಿರ್ದೇಶಕರಾದ ಮೇಷ್ಟ್ರೂ ಓದಿಲ್ಲವೆಂಬುದು ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ. ಮಂಚದ ಪಕ್ಕದ ಮೇಜಿನ ಧೂಳು ಒರೆಸುವವಳು ಅವಳೇ ತಾನೆ. ಪುಸ್ತಕದೊಳಗೆ ಗುರುತಿಗೆಂದು ಇಟ್ಟಿದ್ದ ಬಸ್ ಟಿಕೆಟ್ಟು ಹೋದ ವರ್ಷ ಎಲ್ಲಿತ್ತೋ ಈ ವರ್ಷವೂ ಅಲ್ಲೇ ಇತ್ತು. ಬಸ್ಸಾದರೂ ಅಷ್ಟು ಹೊತ್ತು ಒಂದೇ ಕಡೆ ನಿಲ್ಲುವುದಿಲ್ಲ.

ತಂಡಕ್ಕೆಲ್ಲ ಅವಳು 'ಅಕ್ಕ'. ಎಷ್ಟರಮಟ್ಟಿಗೆಂದರೆ, ತಾಲೀಮಿನ ಗಡಿಬಿಡಿಯಲ್ಲಿ ಕಟ್ಟಿಕೊಂಡ ಗಂಡನೇ ಅವಳನ್ನು ಅಕ್ಕ ಎಂದು ಕೂಗಿದ್ದುಂಟು. ಒಂದು ಕಾಲಕ್ಕೆ ಅವಳು ನಾಯಕಿ. ಅವಳ ದನಿ ಕೇಳುವುದಕ್ಕೆಂದೇ ಜನ ಟಿಕೆಟ್ ಕೊಳ್ಳುತ್ತಿದ್ದರು. ಆಮೇಲೆ ನಾಯಕಿಯ ವಯಸ್ಸು ದಾಟಿ ತಾಯಿಯ ಪಾತ್ರಗಳಿಗೆ ಬಂದಳು. ಅಷ್ಟರಲ್ಲಿ ಮೇಷ್ಟ್ರು ಪ್ರಾಯೋಗಿಕ ರಂಗಭೂಮಿಗೆ ಹೊರಳಿದರು, ಪ್ರಾಯೋಗಿಕ ನಾಟಕಗಳಲ್ಲಿ ತಾಯಂದಿರೇ ಇರುವುದಿಲ್ಲ. ಹಾಗಾಗಿ ಅಕ್ಕನ ಪಾಲಿಗೆ ಉಳಿದದ್ದು ವೇಷಗಳಿಗೆ ಇಸ್ತ್ರಿ ಹಾಕುವುದು, ಟೀ ಮಾಡುವುದು, ಚರ್ಚೆ ಮುಗಿದ ಮೇಲೆ ಲೋಟ ತೊಳೆಯುವುದು. ಚರ್ಚೆ ಮುಗಿಯುತ್ತಿದ್ದದ್ದೂ ಅಪರೂಪವೇ.

ಒಂದು ದಿನ ಊಟದ ಹೊತ್ತಿಗೆ ಮೇಷ್ಟ್ರು ಪುಸ್ತಕವನ್ನು ಅವಳ ಮುಂದೆ ತಳ್ಳಿದರು. "ಇದರಲ್ಲಿ ಒಬ್ಬ ಹೆಂಗಸಿನ ಸ್ವಗತ ಇದೆ, ನಲವತ್ತು ಪುಟ. ನಿನ್ನ ಬಿಟ್ರೆ ಇನ್ಯಾರೂ ಮಾಡೋಕಾಗಲ್ಲ" ಅಂದರು. ನಲವತ್ತು ಪುಟದ ಸಮಾಚಾರ ಹಿಂಬದಿಯ ರಟ್ಟಿನ ಮೇಲೆ ಅಚ್ಚಾಗಿತ್ತೆಂದು ಅಕ್ಕನಿಗೆ ಗೊತ್ತಿದ್ದರೂ ಆ ಹೊತ್ತಿಗೆ ಅದು ಮುಖ್ಯವೆನಿಸಲಿಲ್ಲ. ಅವಳಿಗೆ ಅಳುವಷ್ಟು ಸಂತೋಷವಾಗಿತ್ತು. ಇದು ತನಗೆ ಸಿಗುವ ಕೊನೆಯ ಪಾತ್ರ, ಇದನ್ನು ಬಿಟ್ಟರೆ ಉಳಿಯುವುದು ಇಸ್ತ್ರಿಪೆಟ್ಟಿಗೆ ಮಾತ್ರ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಕಾದಂಬರಿಯನ್ನು ಮೊದಲಿಂದ ಓದಿದಳು. ಮೊದಲರ್ಧ ನಿಜಕ್ಕೂ ಕಬ್ಬಿಣದ ಕಡಲೆ. ನಾಯಕ ಬೆಂಕಿಪೊಟ್ಟಣ ತರಲು ಮನೆಯಿಂದ ಹೊರಟವನು ಇನ್ನೂರು ಪುಟ ನಡೆದರೂ ಅಂಗಡಿ ಮುಟ್ಟುವುದಿಲ್ಲ. ದಾರಿಯುದ್ದಕ್ಕೂ ಅವನಿಗೆ ಯೋಚನೆಗಳು ಬರುತ್ತವೆ, ಒಂದೂ ಬೆಂಕಿಪೊಟ್ಟಣದ ಬಗ್ಗೆ ಅಲ್ಲ. ಕೊನೆಗೆ ಅವನ ಹೆಂಡತಿ ಬರುತ್ತಾಳೆ. ಕಿಟಕಿಯ ಹತ್ತಿರ ನಿಂತು, ಗಂಡ ಬಂದ ಕೂಡಲೆ ಇವತ್ತು ಒಂದು ಮಾತು ಹೇಳಿಯೇ ತೀರಬೇಕೆಂದು ಶುರುಮಾಡಿ, ಬಿರುಕುಬಿಟ್ಟ ಬಟ್ಟಲು, ಸೋರುವ ನಲ್ಲಿ, ಸತ್ತುಹೋದ ತಂಗಿ ಎಂದು ಎಲ್ಲೆಲ್ಲೋ ಸುತ್ತಿ, ಎಲ್ಲೂ ನಿಲ್ಲದೆ ಹೇಳುತ್ತಾ ಹೋಗುತ್ತಾಳೆ. ಆ ಒಂದು ಮಾತು ಬರುವುದು ಕಟ್ಟಕಡೆಯ ಪುಟದಲ್ಲಿ. ಪಂಡಿತರು ಈ ನಲವತ್ತು ಪುಟಗಳನ್ನು ಅತ್ಯಂತ ಜಟಿಲವೆಂದು ಕರೆದಿದ್ದರು. ಅಕ್ಕನಿಗೆ ಅದರಲ್ಲಿ ಜಟಿಲವಾದದ್ದೇನೂ ಕಾಣಲಿಲ್ಲ. ಕೇಳುವವರಿಲ್ಲದ ಮನೆಯಲ್ಲಿ ಹೆಂಗಸರು ಮಾತಾಡುವುದು ಹೀಗೇ. ಕಷ್ಟವಿದ್ದದ್ದು ಉಸಿರಿನಲ್ಲಿ. ಎಲ್ಲಿ ಉಸಿರು ತೆಗೆದುಕೊಂಡರೂ ಮಾತು ತುಂಡಾದಂತೆ ಕೇಳುತ್ತಿತ್ತು. ಬಟ್ಟೆ ಮಡಚುತ್ತ, ಬಟಾಣಿ ಸುಲಿಯುತ್ತ ಹೇಳಿ ನೋಡಿದಳು. ಕೈಗೆ ಕೆಲಸವಿದ್ದರೆ ಉಸಿರು ತಾನಾಗಿ ಜಾಗ ಹುಡುಕಿಕೊಳ್ಳುತ್ತದೆಂದು ತಿಳಿಯಿತು.

ಪಕ್ಕದಲ್ಲೇ ಮಂಚದ ಮೇಲೆ ಅತ್ತೆ ಕೂತಿರುತ್ತಿದ್ದರು. ಅವರಿಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಸೊಸೆ ತನ್ನ ಸಂಕಟವನ್ನೇ ತೋಡಿಕೊಳ್ಳುತ್ತಿದ್ದಾಳೆಂದು ಅವರು ನಂಬಿದ್ದರು. ತಂಗಿಯ ಮಾತು ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡರು, ನಲ್ಲಿಯ ಮಾತು ಬಂದಾಗ ತಮ್ಮ ಮಗನ ಸೋಮಾರಿತನವನ್ನು ಜಾಲಾಡಿದರು. ಇದು ನಾಟಕವೆಂದು ಅಕ್ಕ ತಿಳಿಸಿ ಹೇಳಿದರೆ, "ಇರ್ಲಿ ಬಿಡೇ. ಆಮೇಲೆ?" ಎನ್ನುತ್ತಿದ್ದರು. ಆದರೆ ಕೊನೆಯ ಪುಟ ಹತ್ತಿರವಾಗುವ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಬಾಗಿಲು ಬಡಿಯುತ್ತಿದ್ದರು, ಅಕ್ಕ ಎದ್ದು ಟೀಗೆ ಇಡುತ್ತಿದ್ದಳು. ಆ ಒಂದು ಮಾತು ಏನೆಂದು ಅತ್ತೆಗೆ ತಿಳಿಯಲೇ ಇಲ್ಲ.

ಮೇಷ್ಟ್ರ ತಂಡಕ್ಕೆ ಒಂದು ಪದ್ಧತಿಯಿತ್ತು. ಪ್ರತಿ ತಾಲೀಮಿನ ಕೊನೆಯಲ್ಲಿ ಎಲ್ಲರೂ ಸುತ್ತ ಕೂತು ನಾಟಕದಿಂದ ಏನಾದರೊಂದನ್ನು ತೆಗೆದುಹಾಕಬೇಕು. ಇದಕ್ಕೆ ಅವರು ಕಳೆಯುವ ವಿಧಾನ ಎಂದು ಹೆಸರಿಟ್ಟಿದ್ದರು. ಮೊದಲು ಬೀದಿ ಹೋಯಿತು, ಆಮೇಲೆ ಬೆಂಕಿಪೊಟ್ಟಣ. ಲೈಟಿನವನು ತನ್ನ ಸರದಿ ಬಂದಾಗ ಭಾವುಕನಾಗಿ ಲೈಟುಗಳನ್ನೇ ತ್ಯಾಗ ಮಾಡಿದ, ಒಂದು ಬಲ್ಬು ಉಳಿಯಿತು. ಮೇಷ್ಟ್ರು 'ತೆಗೆ' ಎಂದದ್ದಕ್ಕೆ ನಾಯಕನ ಪಾತ್ರದವನು ಗಾಬರಿಯಾಗಿ ಅಂಗಿ ತೆಗೆದ. ಅದು ಮಹತ್ವದ ಕ್ಷಣವೆಂದು ನಾಟಕದಲ್ಲಿ ಉಳಿದುಕೊಂಡಿತು, ನಾಯಕನ ಮಾತುಗಳು ಹೋದವು.

ಅಕ್ಕನ ನಲವತ್ತು ಪುಟ ಹತ್ತಾಯಿತು, ಹತ್ತು ಎರಡಾಯಿತು. ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಲ್ಲು ಎಂದರು, ನಿಂತಳು. ಪರದೆಯ ಹಿಂದೆ ನಿಲ್ಲು ಎಂದರು, ನಿಂತಳು. ಇನ್ನೇನು ಪ್ರದರ್ಶನ ಹತ್ತಿರ ಬಂತು ಎನ್ನುವಾಗ ಮೇಷ್ಟ್ರಿಗೆ ಜ್ಞಾನೋದಯವಾಯಿತು. ವೇದಿಕೆಯ ಮೇಲೆ ಬಲ್ಬಿನ ಕೆಳಗೆ ಒಂದು ಖಾಲಿ ಕುರ್ಚಿ ಇದ್ದರೆ ಸಾಕು, ಹೆಂಗಸು ತನ್ನ ಗೈರುಹಾಜರಿಯ ಮೂಲಕವೇ ಅಭಿನಯಿಸಬೇಕು.

ತಂಡ ಬೆರಗಿನಿಂದ ಉಸಿರು ಬಿಗಿಹಿಡಿಯಿತು. ಅಕ್ಕನಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದ ಮೇಲೆ, ಕಾಲು ಗಂಟೆಯಾದರೂ ಮಾತಾಡಲು ಬಿಡಿ ಎಂದು ಜೀವಮಾನದಲ್ಲಿ ಮೊದಲ ಸಲ ಗಂಡನನ್ನು ಅಂಗಲಾಚಿದಳು.

"ಮಾತಾಡೋ ನಟಿಯರು ಎಲ್ಲಿ ಬೇಕಾದ್ರೂ ಸಿಗ್ತಾರೆ" ಅಂದರು ಮೇಷ್ಟ್ರು. "ಇಲ್ದೇ ಇರೋದಕ್ಕೆ ನಿನ್ನಂಥ ಅನುಭವಸ್ಥೆನೇ ಬೇಕು."

ಅವರು ಅದನ್ನು ಹೊಗಳಿಕೆಯೆಂದೇ ಹೇಳಿದ್ದರು. ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು. ಅವಳು ಸಭಾಂಗಣದ ಹತ್ತಿರ ಸುಳಿದರೂ ಗೈರುಹಾಜರಿಗೆ ಧಕ್ಕೆಯಾಗುತ್ತದೆ, ಮನೆಯಲ್ಲೇ ಇದ್ದರೆ ಒಳ್ಳೆಯದು ಎಂದೂ ಸೇರಿಸಿದರು. ಭಿತ್ತಿಪತ್ರದಲ್ಲಿ ಮಾತ್ರ ಅವಳ ಹೆಸರನ್ನು ದೊಡ್ಡದಾಗಿ ಹಾಕಿಸಿದ್ದರು.

ಆದರೆ ಅತ್ತೆ ಬಿಡಬೇಕಲ್ಲ. ಸೊಸೆಯ ಕತೆಯ ಕೊನೆಯನ್ನು ಅಲ್ಲಾದರೂ ಕೇಳುತ್ತೇನೆಂದು ಪ್ರದರ್ಶನದ ಸಂಜೆ ಒಳ್ಳೆಯ ಸೀರೆ ಉಟ್ಟು ಸಿದ್ಧರಾಗಿ ಕೂತರು. ಅಕ್ಕ ಅವರ ಕೈ ಹಿಡಿದು ಕರೆತಂದು, ಮಧ್ಯದ ಸಾಲಿನಲ್ಲಿ ಅವರ ಪಕ್ಕದಲ್ಲೇ ಕೂತಳು. ನಾಯಕ ಬಂದ, ಅಂಗಿ ತೆಗೆದ, ಹೋದ. ಬಲ್ಬು ಹತ್ತಿತು. ಕುರ್ಚಿ ಇತ್ತು. ಜನ ಅದನ್ನು ಗಂಭೀರವಾಗಿ ನೋಡಿದರು. ಒಬ್ಬರು ಕೆಮ್ಮಿದರು. ಮುಂದಿನ ಸಾಲಿನಲ್ಲಿ ನಗರದ ದೊಡ್ಡ ವಿಮರ್ಶಕ ಗಲ್ಲಕ್ಕೆ ಕೈಕೊಟ್ಟು ಕಣ್ಣು ಮುಚ್ಚಿದ್ದ. ಅದು ಧ್ಯಾನವೋ ನಿದ್ದೆಯೋ ಹೇಳುವಂತಿರಲಿಲ್ಲ.

ಅತ್ತೆ ಎಷ್ಟು ಹೊತ್ತೆಂದು ತಡೆದಾರು? "ಯಾಕೆ ಸುಮ್ನಿದೀಯ? ಆ ಬಟ್ಟಲು ಏನಾಯ್ತು?" ಎಂದು ಸೊಸೆಯನ್ನು ಕೇಳಿದರು. ಆ ಮೌನದಲ್ಲಿ ಅದು ಇಡೀ ಸಭಾಂಗಣಕ್ಕೆ ಕೇಳಿಸಿತು.

ಅಕ್ಕ ಅವರ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಮೆಲ್ಲಗೆ ಶುರುಮಾಡಿದಳು. ಅತ್ತೆಗೆ ಕೇಳಿಸಿದರೆ ಸಾಕಿತ್ತು ಅವಳಿಗೆ. ಹಿಂದಿನ ಸಾಲಿನವರು ಮುಂದೆ ಬಾಗಿದರು, ಮುಂದಿನವರು ಹೊರಳಿ ಕೂತರು, ಆಮೇಲೆ ಅವಳ ಮುಂದಿದ್ದವರೆಲ್ಲ ವೇದಿಕೆಗೆ ಬೆನ್ನು ಹಾಕಿದರು. ತಂಗಿಯ ಮಾತು ಬಂದಾಗ ಅತ್ತೆ ಕಣ್ಣು ಒರೆಸಿಕೊಂಡರು, ಅವರೊಬ್ಬರೇ ಅಲ್ಲ. ಪಕ್ಕದ ಗೋಡೆಗೆ ಆತು ನಿಂತಿದ್ದ ಮೇಷ್ಟ್ರು ಮೊದಲು ಹಲ್ಲು ಕಚ್ಚಿ ಸುಮ್ಮನಿರೆಂದು ಸನ್ನೆ ಮಾಡಿದರು. ಅಷ್ಟರಲ್ಲಿ ವಿಮರ್ಶಕ ಎಚ್ಚೆತ್ತು ಬರೆದುಕೊಳ್ಳತೊಡಗಿದ್ದು ಅವರ ಕಣ್ಣಿಗೆ ಬಿತ್ತು. ಮೇಷ್ಟ್ರ ಮುಖ ಬದಲಾಯಿತು. ಇನ್ನಷ್ಟು ಹೊತ್ತು ಬಿಟ್ಟು, ಜನ ಉಸಿರಾಡುವುದನ್ನೂ ಮರೆತಿದ್ದಾಗ, ಅಕ್ಕ ಕೊನೆಯ ಪುಟಕ್ಕೆ ಬರುವ ಮೊದಲೇ ದೀಪ ಆರಿಸಲು ಹೇಳಿದರು. ಚಪ್ಪಾಳೆ ಕಿವಿಗಡಚಿಕ್ಕಿತು. ಮೇಷ್ಟ್ರು ವೇದಿಕೆ ಹತ್ತಿ ಎರಡೆರಡು ಸಲ ಬಾಗಿದರು.

ಇದು ಹೊಳೆದದ್ದು ಹೇಗೆಂದು ವಿಮರ್ಶಕ ಕೇಳಿದ್ದಕ್ಕೆ, ಮೌನವನ್ನು ಸರಿಯಾಗಿ ಹದ ಮಾಡಿದರೆ ಮಾತು ತಾನಾಗಿ ಮೊಳೆಯುತ್ತದೆ ಎಂದು ಮೇಷ್ಟ್ರು ಒಂದು ಚೂರೂ ನಾಚದೆ ಹೇಳಿದರು. ಮರುದಿನದ ಪತ್ರಿಕೆ ಅದನ್ನೇ ಶೀರ್ಷಿಕೆ ಮಾಡಿತು. ಅಕ್ಕನ ಬಗ್ಗೆ 'ಪ್ರೇಕ್ಷಕರ ನಡುವೆ ಕೂತಿದ್ದ ಮಹಿಳೆಯೊಬ್ಬರು' ಎಂದಿತ್ತು. ಅದನ್ನು ಜೋರಾಗಿ ಓದಿದ ಮೇಲೆ ಮೇಷ್ಟ್ರು ಇವತ್ತೂ ಹೀಗೇ ಮಾಡು, ಮಾತು ಕೊಂಚ ಜಾಸ್ತಿಯಾಯಿತು, ಅರ್ಧ ತೆಗೆಯೋಣ ಎಂದು ಹೇಳಿ ಹೊರಟುಹೋದರು.

ಆ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಪತ್ರಿಕೆ ಓದಿದ್ದ ಜನ, ಮುಂದಿನ ಸಾಲುಗಳವರು ಮೊದಲೇ ವೇದಿಕೆಗೆ ಬೆನ್ನು ತಿರುಗಿಸಿ, ಮಧ್ಯದ ಸಾಲಿನ ಎರಡು ಖಾಲಿ ಕುರ್ಚಿಗಳನ್ನು ಭಕ್ತಿಯಿಂದ ನೋಡುತ್ತ ಕೂತಿದ್ದರು. ಮೇಷ್ಟ್ರು ಬಯಸಿದ್ದ ಗೈರುಹಾಜರಿ ಕೊನೆಗೂ ಪರಿಪೂರ್ಣವಾಗಿ ಒದಗಿತ್ತು. ಅವರಿಗೆ ಮಾತ್ರ ಅದು ಈಗ ಬೇಡವಾಗಿತ್ತು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದರು.

ಬಾಗಿಲು ಓರೆಯಾಗಿತ್ತು. ಒಳಗೆ ಅಕ್ಕ ಬಟಾಣಿ ಸುಲಿಯುತ್ತ ಮಾತಾಡುತ್ತಿದ್ದಳು. ಅತ್ತೆ ಮಂಚದ ತುದಿಗೆ ಬಂದು ಕೂತಿದ್ದರು. ಜನ ಕಾಯುತ್ತಿದ್ದಾರೆ, ಮಾನ ಹೋಗುತ್ತಿದೆ, ಈಗಲೇ ಹೊರಡು ಎಂದು ಮೇಷ್ಟ್ರು ಏದುಸಿರು ಬಿಡುತ್ತ ಒಂದೇ ಸಮನೆ ಹೇಳತೊಡಗಿದರು.

ಅತ್ತೆ ಮಗನ ಕಡೆ ತಿರುಗಲಿಲ್ಲ. "ಸ್ವಲ್ಪ ಬಾಯಿ ಮುಚ್ಚೋ" ಅಂದರು. "ಅವಳದಿನ್ನೂ ಮುಗಿದಿಲ್ಲ."

ಅಕ್ಕ ಇನ್ನೊಂದು ಬಟಾಣಿ ಬಿಡಿಸಿ, ಉಸಿರು ತೆಗೆದುಕೊಂಡು, ಕೊನೆಯ ಪುಟಕ್ಕೆ ಬಂದಳು.