ಆರಿದ ನುಚ್ಚು

ಗೌರೀಶ ಹೇಮಂತನ ಕೈಯೊಳಗಿನ ಹಾರ ಕಸಿದುಕೊಂಡು ಅಂಗಳಕ್ಕೆ ಎಸೆದುಬಿಟ್ಟ.

"ಸುಳ್ಳ ಗುಳಿಗಿ ಮಾರಿ ನಮ್ಮಪ್ಪನ್ನ ಕೊಂದು, ಈಗ ಹಾರ ತಂದಿಯೇನಲೇ?"

ಕುಂದಗೋಳದಲ್ಲಿ ಔಷಧದ ಅಂಗಡಿ ಇಟ್ಟ ಹೇಮಂತ ತಡವರಿಸಿದ. "ಡಾಕ್ಟರ್ ಬರದಿದ್ದನ್ನ ಕೊಟ್ಟೀನಿ ಅಣ್ಣಾ..."

"ನಾಲ್ಕ ತಿಂಗಳ ತಿಂದಾನ. ಎಲುವು ಬಿಟ್ರ ಏನ ಉಳದೈತಿ ನೋಡು!"

ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ಅಪ್ಪ ಮಡಿವಾಳೆಪ್ಪನ ಶವದ ವಿಭೂತಿ ಹಣೆಗಿಂತ ಅಗಲವಾಗಿ ಕಾಣುತ್ತಿತ್ತು. ಯರಗುಪ್ಪಿ ಸುತ್ತ ಮೂವತ್ತು ವರ್ಷ ಮದುವೆಗಳಿಗೆ ಹುಗ್ಗಿ ಕುದಿಸಿದವನು. ಪಂಕ್ತಿಯಲ್ಲಿ ಬಡಿಸಿದ್ದು ಆರಿದ ಎಲೆ ಕಂಡರೆ ಬೀಗರನ್ನೂ ಬಿಡದೆ ಬೈದವನು.

"ಸೊಸಿ ಪುಣ್ಯಾತಗಿತ್ತಿ," ಎಂದಳು ಬಾಜೂ ಮನೆಯ ಮಲ್ಲಮ್ಮ. "ಕಡೀತನಕಾ ಬಿಸೇದ ಹಾಕಿದ್ಲು."

"ಹೌದ ಬಿಡಬೇ," ಎಂದ ಮುದುಕ ಶಿದ್ಲಿಂಗಪ್ಪ. "ಕೈಲಾಸದಾಗ ಆರಿದ್ದು ನೀಡಿದ್ರ ಎದ್ದ ಬರ್ತಾನ ಇಂವಾ."

ಅಳುತ್ತಿದ್ದವರೂ ನಕ್ಕರು. ಸೊಸೆ ಸುನಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳು ಬಂತು ಪಾಪ, ಎಂದುಕೊಂಡರು.

*

ನಾಲ್ಕು ತಿಂಗಳ ಹಿಂದೆ ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಬಿಚ್ಚಿ ಒಳಗಿನ ಸಣ್ಣ ಕಾಳು ತೋರಿಸಿದ್ದರು. "ಉಂಡದ್ದನ್ನ ಸಣ್ಣಗ ಕತ್ತರಿಸಿ ಮೈಗೆ ಹತ್ತಿಸೋ ಕಿಣ್ವ ಇವರ ಹೊಟ್ಟ್ಯಾಗ ಹುಟ್ಟವಲ್ಲವು. ಇದರಾಗ ಅದಾವು. ನುಂಗಾಕ ಆಗದಿದ್ರ ಆರಿದ ಊಟದ ಮ್ಯಾಲೆ ಉದುರಿಸ್ರಿ. ಊಟ ಮೈಬಿಸಿಯಷ್ಟ ಇದ್ರ ಚಲೋ ಕೆಲಸ ಮಾಡ್ತಾವು. ಸುಡೂದರಾಗ ಬಿದ್ರ ಅವುಗಳ ಆಕಾರನ ಕೆಡತೈತಿ. ಆಮ್ಯಾಲೆ ಆರಿಸಿದ್ರೂ ತಿರುಗಿ ಬರೂದಿಲ್ಲ. ಒಡೆದ ಹಾಲು ಮತ್ತ ಹಾಲಾಗತೈತೇನ್ರಿ?"

ಕೇಳಿದವಳು ಸುನಿತಾ ಒಬ್ಬಳೇ. ಗಂಡ ಗೌರೀಶ ಹೊರಗೆ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದ.

ಎರಡು ವಾರ ಆರಿಸಿಯೇ ಕೊಟ್ಟಳು. ಮಾವ ಗಂಗಾಳ ಸರಿಸುತ್ತಿದ್ದ. "ಯವ್ವಾ, ನಾನೇನ ನಾಯೇನ?" ಮಲ್ಲಮ್ಮ ಅದನ್ನು ಓಣಿ ತುಂಬ ಹಂಚಿದಳು. ದುಮ್ಮವಾಡದಿಂದ ಬಂದ ಮಾವನ ಮಗಳು ನೇತ್ರಾ ಗಂಗಾಳ ಮುಟ್ಟಿ ನೋಡಿ ಸಿಡಿದಳು.

"ಊರ ಮಂದೀಗೆಲ್ಲಾ ಬಿಸೇದ ಉಣಿಸಿದಾಂವಗ ಆರಿದ ನುಚ್ಚು ಹಾಕ್ತೀಯೇನ? ಒಲಿ ಹಚ್ಚಾಕ ಬ್ಯಾಸರೇನ ನಿನಗ?"

"ಡಾಕ್ಟರು ಹೇಳ್ಯಾರ್ರೀ ಅಕ್ಕಾ..."

"ಡಾಕ್ಟರ್ ತಾನೂ ಆರಿದ್ದ ಉಣ್ತಾನೇನ?"

ಅಂದು ಸುನಿತಾ ನುಚ್ಚು ಮತ್ತೆ ಕುದಿಸಿದಳು. ಅದರಲ್ಲೇ ಕಾಳು ಉದುರಿಸಿ ಕಲಸಿದಳು. ಮಾವ ಊದಿ ಊದಿ ಉಂಡ, ಗಂಗಾಳ ಬಳಿದ. "ಈಗ ಊಟಂದ್ರ ಊಟ ನೋಡವ್ವಾ!" ಆ ಮುಖ ನೋಡಿದ ಮೇಲೆ ಮರುದಿನವೂ ಹಾಗೇ ಮಾಡಿದಳು. ಅದರ ಮರುದಿನವೂ. ಹೊಟ್ಟೆ ತುಂಬ ಉಣ್ಣುತ್ತಲೇ ಮಾವ ಸೊರಗಿ ಹೋದ.

*

ಹೊಲದ ಬದುವಿನ ಹತ್ತಿರ ತೋಡಿದ ಕುಣಿಯೊಳಗೆ ಮಡಿವಾಳೆಪ್ಪನನ್ನು ಇಳಿಸಿ ಕೂರಿಸಿದರು. ಅಯ್ಯನವರು ಎಲ್ಲರ ಕೈಗೂ ಬಿಲ್ವಪತ್ರಿ ಕೊಟ್ಟರು. ಅಷ್ಟು ಬೈಸಿಕೊಂಡರೂ ಹೋಗದ ಹೇಮಂತ ದೂರದಲ್ಲಿ ಒಬ್ಬನೇ ನಿಂತಿದ್ದ.

"ನಾಳೆ ಠಾಣೆಕ್ಕ ಹೋಗೂಣು," ಗೌರೀಶ ಅಕ್ಕನಿಗೆ ಹೇಳಿದ. "ಅವನ ಅಂಗಡಿಗಿ ಕೀಲಿ ಹಾಕಿಸಬೇಕು."

"ಹಾಕಿಸಬೇಕ ಮತ್ತ," ಎಂದಳು ನೇತ್ರಾ.

ಸುನಿತಾ ಮುಂದೆ ಬಂದಳು. "ಗುಳಿಗಿ ಖರೇವ ಇದ್ವುರಿ."

"ಏನಂದಿ?" ಗೌರೀಶ ತಿರುಗಿ ನೋಡಿದ.

"ಹೇಮಂತಂದು ತಪ್ಪಿಲ್ಲ. ಆರಿದ್ದರಾಗ ಹಾಕಬೇಕಿತ್ತು. ನಾನ ಸುಡೂ ನುಚ್ಚಿನ್ಯಾಗ ಹಾಕಿ ಕೆಡಿಸೀನಿ. ಗೊತ್ತಿದ್ದು ಹಾಕೀನಿ."

ಗೌರೀಶ ಹೆಂಡತಿಯ ಹತ್ತಿರ ಬಂದ. "ಯಾಕ?" ಎಂದ.

ಸುನಿತಾ ನೇತ್ರಾಳ ಕಡೆ ನೋಡಲಿಲ್ಲ. "ಉಣ್ಲಿ ಅಂತ," ಎಂದಳು.

"ಪತ್ರಿ ಹಾಕ್ರಿ, ಹೊತ್ತಾತು," ಅಯ್ಯನವರು ಅವಸರ ಮಾಡಿದರು.

ನೇತ್ರಾ ಕುಣಿಯ ಮೇಲೆ ಬಾಗಿ ಕೈ ಮಗುಚಿದಳು. ಬೆವರಿದ ಅಂಗೈಗೆ ಪತ್ರಿ ಅಂಟಿಕೊಂಡೇ ಇತ್ತು. ಕೊಡವಿದಳು. ಬೀಳಲಿಲ್ಲ.