ಮರಿಯ ತಾಯಿಗೆ ಮೊದಲ ನೀರು

ಖಾನಾಪುರದ ಹತ್ತಿರದ ಗುಂಜಿ ಊರಿನ ಮಾಯಕ್ಕನ ಮನೆಯಲ್ಲಿ ಮೊಮ್ಮಗ ಹುಟ್ಟಿ ತಿಂಗಳಾಗುತ್ತ ಬಂದಿತ್ತು. ಓಣಿಗೆಲ್ಲ ಕುಂದಾ ಹಂಚಿದ ಸಂಭ್ರಮ ಈಗ ಇರಲಿಲ್ಲ. ಕೂಸು ಮೈ ಹಿಡಿಯುತ್ತಿರಲಿಲ್ಲ.

"ಕಲ್ಮೇಶ, ನಿನ್ನ ಹೇಂತಿ ಹಾಲು ಕೂಸಿಗೆ ಸಾಲವಲ್ವು," ಎಂದಳು ಮಾಯಕ್ಕ ಮಗನಿಗೆ. "ಕೆಲಸಾ ಮುಗಿಸಿ ಬರೂಮುಂದ ಬೆಳಗಾವ್ಯಾಗ ಒಂದು ಹಾಲಿನ ಬಾಟ್ಲಿ ತಗೊಂಬಾ. ಆಕಳ ಹಾಲು ಕುಡಸೂಣು."

"ಹೂಂ ಅವ್ವಾ," ಎಂದು ಕಲ್ಮೇಶ ರೈಲು ಹಿಡಿಯಲು ಓಡಿದ.

ಒಳಗಿದ್ದ ಸೊಸೆ ಸಪ್ನಾಗೆ ಇದು ಕೇಳಿಸಿತು. ತೊಡೆಯ ಮೇಲಿನ ಕೂಸಿಗೆ ಹಾಲು ಕುಡಿಸುತ್ತಲೇ ಅವಳು ಅಂಗನವಾಡಿಗೆ ಹೊರಟ ಹಿರಿಮಗಳು ಸಮೃದ್ಧಿಗೆ ಜಡೆ ಹೆಣೆಯುತ್ತಿದ್ದಳು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು, ತುಟಿ ಒಡೆದಿತ್ತು.

"ಅತ್ತಿ, ಇನ್ನೊಂದೀಟು ನೀರು ಕೊಡ್ರಿ."

"ಬ್ಯಾಡ ಯವ್ವಾ. ಬಾಣಂತಿ ಭಾಳ ನೀರು ಕುಡದ್ರ ಹೊಟ್ಟಿ ಬರತೈತಿ, ಕೂಸಿಗೆ ಥಂಡಿ ಆಗತೈತಿ. ನಮ್ಮತ್ತಿ ನನಗೂ ಹಿಂಗ ಮಾಡಿದ್ಲು."

ಮಾಯಕ್ಕ ಕೆಟ್ಟವಳಲ್ಲ. ಕೊಡುವ ಪುಟ್ಟ ಲೋಟದ ನೀರಿನ ಬಿಸಿಯನ್ನೂ ಬೆರಳಿಟ್ಟು ನೋಡಿಯೇ ಕೊಡುತ್ತಿದ್ದಳು. ಊಟಕ್ಕೆ ಅನ್ನ, ಮೆಣಸಿನ ಸಾರು, ಒಂದು ತುಣುಕು ಬೆಲ್ಲ, ಅಷ್ಟೇ. ಅದನ್ನೂ ಪ್ರೀತಿಯಿಂದಲೇ ಬಡಿಸುತ್ತಿದ್ದಳು.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ನೇತ್ರಾ ತಕ್ಕಡಿ ಹಿಡಿದು ಬಂದಳು. ಕೂಸನ್ನು ತೂಗಿದಳು. ತೂಕ ಏರಿರಲಿಲ್ಲ. ಸಪ್ನಾಳ ಒಡೆದ ತುಟಿ ನೋಡಿದಳು, ಬಾಟಲಿ ತರಿಸುವ ಮಾತನ್ನೂ ಮಾಯಕ್ಕನಿಂದ ಕೇಳಿದಳು.

"ಮಾವಶಿ, ಸಪ್ನಾಗ ನೀರಡಿಕಿ ಆದಾಗೆಲ್ಲಾ ನೀರು ಕೊಡ್ರಿ. ಬ್ಯಾಳಿ, ತಪ್ಪಲಪಲ್ಯಾ, ತತ್ತಿ ಎಲ್ಲಾ ತಿನ್ಲಿ. ನಾಳೆ ಕೂಸಿನ್ನ ಖಾನಾಪುರ ದವಾಖಾನಿಗೆ ತೋರಸೂಣು. ಬಾಟ್ಲಿ ಮಾತ್ರ ಬ್ಯಾಡ್ರಿ."

"ಮೊನ್ನೆ ಹುಟ್ಟಿದಾಕಿ ನೀ, ನನಗ ಬಾಣಂತನಾ ಕಲಸ್ತಿಯೇನ?" ಎಂದು ಮಾಯಕ್ಕ ಸಿಟ್ಟಿನಿಂದ ಅಂಗಳಕ್ಕೆ ನಡೆದಳು.

ಅಂಗಳದಲ್ಲಿ ಗಂಡ ಸಿದರಾಯ ಮರಿ ಹಾಕಿದ ಕುರಿಯನ್ನು ಬಿಟ್ಟು ನೀರಿನ ಬಕೆಟ್ಟನ್ನು ಟಗರಿನ ಮುಂದೆ ಇಡುತ್ತಿದ್ದ. ಮಾಯಕ್ಕನ ಸಿಟ್ಟೆಲ್ಲ ಅವನ ಮೇಲೆ ತಿರುಗಿತು.

"ಏನ್ರೀ, ಟಗರೇನು ಮರಿಗೆ ಮೊಲಿ ಕುಡಸತೈತೇನ್ರಿ? ಮರಿ ಹಾಕಿದಾಕಿಗೆ ಮೊದಲ ನೀರು! ಹಸೀ ಮೇವೂ ಅಕಿಗೇ! ಅಕಿ ಹೊಟ್ಟಿ ತುಂಬಿದ್ರ ಮರಿ ಹೊಟ್ಟಿ ತುಂಬತೈತಿ!"

ನೇತ್ರಾ ಬಾಗಿಲಲ್ಲಿ ನಿಂತು ನಕ್ಕಳು. "ಮಾವಶಿ, ಇದ ಮಾತು ಒಳಗ ಬಂದು ಇನ್ನೊಮ್ಮೆ ಹೇಳ್ರಿ."

ಸಿದರಾಯ ಮೀಸೆಯಲ್ಲೇ ನಕ್ಕ. ಮಾಯಕ್ಕ ತಿರುಗಿ ಒಳಗೆ ನೋಡಿದಳು. ತನ್ನ ತಟ್ಟೆಯ ಬೆಲ್ಲದ ತುಣುಕನ್ನು ಸಪ್ನಾ ಮಗಳ ಬಾಯಿಗಿಟ್ಟು, ಒಡೆದ ತುಟಿಯಲ್ಲೇ ನಗುತ್ತಿದ್ದಳು. ಇಷ್ಟು ದಿನ ಒಮ್ಮೆಯೂ ಗೊಣಗದ ಹುಡುಗಿ. ಹಟ್ಟಿಯ ಕುರಿಗೆ ಸಿಕ್ಕಿದ್ದು ಇವಳಿಗೆ ಸಿಗಲಿಲ್ಲವಲ್ಲ ಎಂದುಕೊಳ್ಳುತ್ತ ಮಾಯಕ್ಕ ಒಳಗೆ ನಡೆದಳು.

ಕಾಸಿ ಆರಿಸಿದ ನೀರನ್ನು ದೊಡ್ಡ ತಂಬಿಗೆಯಲ್ಲಿ ತಂದಿಟ್ಟಳು. "ಕುಡಿಯವ್ವಾ. ಸಾಕನಸೂಮಟಾ ಕುಡಿ."

ಸಪ್ನಾ ಎತ್ತಿದ ತಂಬಿಗೆಯನ್ನು ಕೆಳಗಿಳಿಸಿದಾಗ ಅದು ಖಾಲಿಯಾಗಿತ್ತು.

ಸಂಜೆ ಕಲ್ಮೇಶ ಬಾಟಲಿ ತಂದ. "ಗ್ವಾಡಿ ಮಾಡದಾಗ ಇಡು, ನೋಡೂಣು," ಎಂದಳು ಮಾಯಕ್ಕ. ಮರುದಿನ ಖಾನಾಪುರದ ಡಾಕ್ಟರಮ್ಮ ಕೂಸನ್ನು ಪರೀಕ್ಷಿಸಿ, "ರೋಗ ಏನೂ ಇಲ್ರಿ. ಹಗಲು ರಾತ್ರಿ ಕೂಸು ಕೇಳಿದಾಗೆಲ್ಲಾ ಎದಿಗೆ ಹಾಕ್ರಿ. ಕುಡದಷ್ಟೂ ಹಾಲು ಬರತಾವು. ತಾಯಿನ್ನ ಚಲೋ ನೋಡ್ಕೋರಿ," ಎಂದರು.

ಮಾಯಕ್ಕನ ಒಲೆಯ ಮೇಲೆ ಬೇಳೆ, ಮೆಂತ್ಯದ ಪಲ್ಯ, ಮೊಟ್ಟೆ ಬೇಯತೊಡಗಿದವು. ಕೂಸಿನ ಬಟ್ಟೆ ಒಗೆಯುವುದು ಸಿದರಾಯನ ಪಾಲಾಯಿತು. ಕೆಲಸದಿಂದ ಬಂದ ಕಲ್ಮೇಶ ಮಗನನ್ನು ಎತ್ತಿಕೊಂಡು, "ನೀ ಒಂದೀಟು ಮಲ್ಕೊ," ಎನ್ನುತ್ತಿದ್ದ. ಆದರೂ ಕೂಸು ಅತ್ತಾಗಲೆಲ್ಲ ಎದ್ದು ಕೂತು ಹಾಲೂಡಿಸಿದವಳು ಸಪ್ನಾಳೇ.

ವಾರ ಕಳೆದ ಮೇಲೆ ನೇತ್ರಾ ಮತ್ತೆ ತಕ್ಕಡಿ ತಂದಳು. ಎಲ್ಲರೂ ತಕ್ಕಡಿಯ ಸುತ್ತ ನೆರೆದರು.

"ಏರೈತ್ರೀ ಮಾವಶಿ! ಚಲೋ ಏರೈತಿ!"

ಮಾಯಕ್ಕ ಬಾಗಿಲಿಗೆ ಓಡಿ ಓಣಿಗೇ ಕೇಳುವಂತೆ ಕೂಗಿದಳು: "ನನ್ನ ಸೊಸಿ ಗೆದ್ಲು ನೋಡ್ರೇ!"

"ಅವ್ವಾ, ಆ ಬಾಟ್ಲಿ?" ಎಂದ ಕಲ್ಮೇಶ.

ಮಾಯಕ್ಕ ಅದಕ್ಕೆ ಹಾಲು ತುಂಬಿ ಹಟ್ಟಿಗೆ ಒಯ್ದು, ತಾಯಿ ಸತ್ತ ಇನ್ನೊಂದು ಕುರಿಮರಿಯ ಬಾಯಿಗಿಟ್ಟಳು. "ಪಾಪ, ಇದಕ್ಕ ಅವ್ವ ಇಲ್ಲ. ನನ್ನ ಮೊಮ್ಮಗಗ ಅವ್ವ ಅದಾಳ. ಎಂಥಾ ಅವ್ವ!"

ನಿಮ್ಮ ಮನೆಯಲ್ಲೂ ಬಾಣಂತಿ ಇದ್ದಾಳೆಯೇ? ಈಗಲೇ ಎದ್ದು ಅವಳ ಬಳಿ ಒಂದು ತಂಬಿಗೆ ನೀರಿಡಿ. ಹೊಟ್ಟೆ ತುಂಬ ಬಡಿಸಿ. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲು ಮಾತ್ರ ಕೊಡಿ, ನೀರೂ ಬೇಡ. ತೂಕ ಏರದಿದ್ದರೆ ತಡಮಾಡದೆ ದವಾಖಾನೆಗೆ ಹೋಗಿ. ಕೂಸನ್ನು ನೀವು ತುಸು ಹೊತ್ತು ಎತ್ತಿಕೊಳ್ಳಿ, ಅವಳು ಮಲಗಲಿ. ದಣಿವನ್ನು ಬಾಯಿಬಿಟ್ಟು ಹೇಳದೆ ನಿಮ್ಮ ಮನೆಯ ಕುಡಿಯನ್ನು ಬೆಳೆಸುತ್ತಿರುವವಳು ಅವಳು. ಮೊದಲ ನೀರು ಅವಳದೇ.