ಸಿದ್ದಲಿಂಗೇಶನ ಮಂಡಿ, ದಕ್ಷನ ತಲೆ

ನನ್ನ ಜ್ಞಾಪಕದ ಮೇಲೆ ಅನುಮಾನ ಇರುವವರು ಇಲ್ಲಿಗೇ ಫೋನ್ ಕೆಳಗಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಹೋದ ಸಲ ಲಕ್ಕವಳ್ಳಿ ಡ್ಯಾಮಿನ ಮೊಸಳೆ ವಿಷಯ ಹೇಳಿದ್ದಕ್ಕೆ ‘ಯಜಮಾನ್ರು ಒಂದಕ್ಕೆರಡು ಸೇರಿಸ್ತಾರೆ’ ಅಂತ ಈ ವಾಟ್ಸಾಪ್ ಗುಂಪಿನಲ್ಲಿ ಹಾಕಿದವನು ಯಾರೆಂದು ಗೊತ್ತಿದೆ. ಹೆಂಡತಿ ಬೆಳಗ್ಗೆ ತರಲು ಹೇಳಿದ ಕೊತ್ತಂಬರಿ ಸೊಪ್ಪು ಸಂಜೆಗೆ ನೆನಪಿರದ ಮನುಷ್ಯ ಅವನು. ಅಂಥವನು ನನ್ನ ನೆನಪು ತೂಗಲು ಬರುತ್ತಾನೆ. ಇದಕ್ಕೆ ಅರ್ಧ ಅಜ್ಜಂಪುರವೇ ಸಾಕ್ಷಿ. ಬಾಯಿ ಮುಚ್ಚಿಕೊಂಡು ಕೇಳಿ.

ಅಜ್ಜಂಪುರದ ಸಿದ್ದಲಿಂಗೇಶನಿಗೆ ಪಂಪ್‌ಸೆಟ್ ಅಂಗಡಿ ಹೊಟ್ಟೆಪಾಡು, ವೀರಗಾಸೆ ಪ್ರಾಣ. ನಮ್ಮ ಕಡೆ ಮದುವೆಗೆ ಮುಂಚೆ ವೀರಭದ್ರನ ಹೆಸರಿನಲ್ಲಿ ಹೊಗೆಯಾಡುವ ಗುಗ್ಗುಳದ ಮಡಕೆ ಹೊರುತ್ತಾರಲ್ಲ, ಆ ಮಡಕೆಯ ಮುಂದೆ ಕತ್ತಿ ಹಿರಿದು ಒಡಪು ಹೇಳುವುದರಲ್ಲಿ ಅವನನ್ನು ಮೀರಿಸುವವನಿರಲಿಲ್ಲ. ಮಾವನಾದ ದಕ್ಷ ಶಿವನಿಗೆ ಅವಮಾನ ಮಾಡಿದ್ದು, ವೀರಭದ್ರ ಹುಟ್ಟಿ ಬಂದದ್ದು, ದಕ್ಷನ ತಲೆ ಹಾರಿಸಿದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದ. ಸಾಲು ಮುಗಿದೊಡನೆ ಮೇಳದವರು ‘ಆಹಾ ರುದ್ರ, ಆಹಾ ದೇವ’ ಅನ್ನಬೇಕು, ಡೋಲಿನಂಥ ಸಮಾಳ ಗುಡುಗಬೇಕು, ಇವನು ಬಲಗಾಲೂರಿ ಆಳೆತ್ತರ ನೆಗೆಯಬೇಕು. ಐವತ್ತು ದಾಟಿದರೂ ಆ ನೆಗೆತ ಕಡಿಮೆಯಾಗಿರಲಿಲ್ಲ.

ಅದೇ ಅವನಿಗೆ ಮುಳುವಾಯಿತು. ಪಂಪ್‌ಸೆಟ್ ಕಂಪನಿಯವರು ಚೆನ್ನಾಗಿ ಮಾರಿದ ಡೀಲರುಗಳನ್ನು ಚಳಿಗಾಲದಲ್ಲಿ ಮನಾಲಿಗೆ ಕರೆದುಕೊಂಡು ಹೋದರು. ಅಲ್ಲಿ ಪಾದಕ್ಕೆ ಉದ್ದನೆ ಹಲಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ, ಸ್ಕೀ ಅಂತಾರೆ. ಎಮ್ಮೆದೊಡ್ಡಿ ಕಾವಲಿನ ಹೋರಿಗಳ ಮುಂದೆ ನಿಂತವನಿಗೆ ಇದ್ಯಾವ ಲೆಕ್ಕ ಎಂದು ಇವನೂ ಬಿಗಿಸಿಕೊಂಡ. ಕಲಿಸುವ ಹುಡುಗ ಕೈ ಹಿಡಿದು ಮೆಲ್ಲಗೆ ಜಾರಿಸುತ್ತಿದ್ದ, ಇವನೂ ತಕ್ಕಮಟ್ಟಿಗೆ ಜಾರುತ್ತಿದ್ದ. ಅಷ್ಟರಲ್ಲಿ ಕೆಳಗೆ ಯಾವುದೋ ಪಂಜಾಬಿ ಗುಂಪಿನವರು ಡೋಲು ಬಾರಿಸಿದರು. ಪೆಟ್ಟು ಕಿವಿಗೆ ಬಿದ್ದದ್ದೇ ತಡ, ನಮ್ಮವನು ಕಲಿಸುವವನ ಕೈ ಕೊಡವಿ ‘ಆಹಾ ರುದ್ರ’ ಎಂದು ನೆಗೆದುಬಿಟ್ಟ. ಮೈ ಗಿರ್ರನೆ ತಿರುಗಿತು. ಹಲಗೆ ಬಿಗಿದ ಬಲಗಾಲು ಮಾತ್ರ ಹಿಮದಲ್ಲೇ ಹೂತು ನಿಂತಿತು. ಮಂಡಿಯೊಳಗೆ ಹಸಿ ಜಾಲಿ ಕಡ್ಡಿ ಮುರಿದ ಹಾಗೆ ಟಪ್ ಎಂದಿತು. ಜೊತೆಗೆ ಹೋಗಿದ್ದ ಡೀಲರುಗಳು ಇದೂ ಕುಣಿತದ ಒಂದು ಪಟ್ಟು ಎಂದುಕೊಂಡು ನಿಂತು ವಿಡಿಯೋ ಮಾಡಿಕೊಂಡರು.

ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಲಿಗಮೆಂಟ್ ಪೂರ್ತಿ ಹರಿದಿತ್ತು, ಬೇರೆ ನರ ತೆಗೆದು ಜೋಡಿಸಿದ್ದೇವೆ, ಒಂಬತ್ತು ತಿಂಗಳು ನೆಗೆತದ ಮಾತೆತ್ತಬೇಡಿ ಎಂದು ಡಾಕ್ಟರು ಹೇಳಿದರು. ಮಗಳು ಧನ್ಯಶ್ರೀಯ ಮದುವೆ ನಿಶ್ಚಯವಾಗಿದ್ದದ್ದು ವೈಶಾಖಕ್ಕೆ. ಗಂಡಿನವರು ಕಡೂರಿನವರು. ಊರವರ ಮಕ್ಕಳಿಗೆಲ್ಲ ಒಡಪು ಹೇಳಿದವನು ಸ್ವಂತ ಮಗಳ ಗುಗ್ಗುಳಕ್ಕೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕಲ್ಲ ಎಂಬುದೊಂದೇ ಅವನ ಚಿಂತೆ. ತಾನು ಹಿಂದೆ ಸರಿದರೆ ಕತ್ತಿ ಹೋಗುವುದು ಹೊನ್ನೇಶನ ಕೈಗೆ. ವೆಲ್ಡಿಂಗ್ ಶಾಪಿನ ಹೊನ್ನೇಶ ಕುಣಿತದಲ್ಲಿ ಹುಲಿ, ಮಾತಿನಲ್ಲಿ ಮಾತ್ರ ಎಲ್ಲಿಂದೆಲ್ಲಿಗೋ ಹಾರುತ್ತಾನೆ. ಯಗಟಿಯ ಮದುವೆಯೊಂದರಲ್ಲಿ ದಕ್ಷನ ತಲೆ ಕಡಿದ ಮೇಲೂ ದಕ್ಷನ ಕೈಲಿ ಎರಡು ಮಾತು ಆಡಿಸಿದ್ದ.

ಸಿದ್ದಲಿಂಗೇಶ ಯೋಚಿಸಿ ಒಂದು ದಾರಿ ಕಂಡುಕೊಂಡ. ಕುಣಿತ ಹೊನ್ನೇಶನದು, ಮಾತು ತನ್ನದು. ಕುರ್ಚಿಯಲ್ಲಿ ಕೂತು ಹೇಳಿದರೆ ವೀರಭದ್ರನೇನು ಬೇಡ ಅನ್ನುತ್ತಾನೆಯೇ. ಹೊನ್ನೇಶನೂ ಒಪ್ಪಿದ.

ಮನೆಯಲ್ಲಿ ನೋಡಲು ಬರುವವರ ಕಾಟ ಬೇರೆ. ಒಂದು ಚಿಪ್ಪು ಬಾಳೆಹಣ್ಣು ತರುವುದು, ಮಂಡಿ ಕೆಟ್ಟು ಮತ್ತೆ ಏಳದವರೊಬ್ಬರ ಕತೆ ಹೇಳುವುದು, ಕಾಫಿ ಕುಡಿದು ಹೋಗುವುದು. ತಾಯಿ ತೀರ್ಥಮ್ಮನವರು ಹಣ್ಣು ತಿನ್ನಿಸಿ ತಿನ್ನಿಸಿ ಮಗನನ್ನು ಮಲಗಿಸಿಯೇ ಇಟ್ಟಿದ್ದರು. ಕಾಯಿಲೆಯವನು ಕಾಲು ಅಲ್ಲಾಡಿಸುವುದುಂಟೇ ಎಂಬುದು ಅವರ ವಾದ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಸಿದ್ದಲಿಂಗೇಶ ಮಲಗಿದ್ದಲ್ಲೇ ಒಡಪು ಶುರು ಮಾಡಿದ. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಗಂಟಲು ಸರಿಮಾಡಿಕೊಂಡ, ನೀರು ಕುಡಿದ, ವಿಭೂತಿ ಹಚ್ಚಿಕೊಂಡು ಎದ್ದು ಕೂತ. ಉಹ್ಞೂಂ. ಚಿಕ್ಕಂದಿನಿಂದ ಸಾಲಿಗೊಂದು ನೆಗೆತದಂತೆ ಕಲಿತವನು. ಕಾಲು ನೆಗೆದರೆ ಮುಂದಿನ ಸಾಲು ತಾನಾಗಿ ಬಾಯಿಗೆ ಬೀಳುತ್ತಿತ್ತು. ಈಗ ಕಾಲೂ ಇಲ್ಲ, ಸಾಲೂ ಇಲ್ಲ. ಮಂಡಿ ಹರಿದಾಗಲೂ ಅಳದಿದ್ದವನು ಅವತ್ತು ಗೋಡೆ ಕಡೆ ತಿರುಗಿ ಮಲಗಿದ.

ವಾರಕ್ಕೆ ಮೂರು ದಿನ ತರೀಕೆರೆಗೆ ಫಿಸಿಯೋಥೆರಪಿಗೆ ಹೋಗಬೇಕಿತ್ತು. ಅಲ್ಲಿ ಅತೀಯಾ ಎಂಬ ಹುಡುಗಿ ಸಣ್ಣ ಕ್ಲಿನಿಕ್ ಇಟ್ಟಿದ್ದಳು. ಮಾತು ಮೆಣಸಿನಕಾಯಿ, ಕೈ ಹದವಾದದ್ದು. ಮಂಚದ ಮೇಲೆ ಹಿಮ್ಮಡಿ ಜಾರಿಸಿ ಮಂಡಿ ಮಡಚಿ ಎಂದರೆ ಇವನು ಸೂರು ನೋಡುತ್ತಿದ್ದ. ಮನೆಯಲ್ಲೂ ಮಾಡುತ್ತಿಲ್ಲವೆಂದು ಅವಳಿಗೆ ಮುಟ್ಟಿದೊಡನೆ ಗೊತ್ತಾಗುತ್ತಿತ್ತು. ಹೀಗೇ ಆದರೆ ಮಂಡಿ ಕಬ್ಬಿಣದ ಸರಳಾಗುತ್ತದೆ, ಮಗಳ ಧಾರೆಗೂ ಕಾಲು ನೀಡಿಕೊಂಡೇ ಕೂರಬೇಕಾಗುತ್ತದೆ ಎಂದು ಗದರಿದಳು. ಆಗ ಇವನು ಬಾಯಿಬಿಟ್ಟ. ಮಂಡಿ ಹೋದರೆ ಹೋಗಲಿ, ಒಡಪೇ ಹೋಯಿತಲ್ಲ ಎಂದ.

ಅತೀಯಾ ಮೊದಲು ನಕ್ಕಳು. ಅವನ ಮುಖ ನೋಡಿ ಸ್ಟೂಲ್ ಎಳೆದುಕೊಂಡು ಕೂತಳು.

“ಅಂಕಲ್, ಕಾಲಲ್ಲಿ ಕಲ್ತಿದ್ದನ್ನ ತಲೇಲಿ ಹುಡುಕ್ತಾ ಕೂತಿದ್ದೀರಲ್ಲ,” ಎಂದಳು. “ಹಿಮ್ಮಡಿ ಎಳ್ಕೊಳ್ಳಿ. ಎಳ್ಕೊಂಡು ಹೇಳಿ ನೋಡೋಣ.”

ಎಳೆದುಕೊಂಡ. ಜೀವ ಹೋಗುವಂಥ ನೋವು. ನೋವಿನ ಜೊತೆಗೇ ಎರಡನೆಯ ಸಾಲೂ ಬಂತು.

ಅಲ್ಲಿಂದ ಅವನನ್ನು ಹಿಡಿಯುವವರಿಲ್ಲ. ತೀರ್ಥಮ್ಮನವರು ಬೇಡವೆಂದರೂ ಕೇಳದೆ ಬೆಳಗ್ಗೆ ಸಂಜೆ ಹಿಮ್ಮಡಿ ಜಾರಿಸುವುದು, ಒಡಪು ಹೇಳುವುದು. ಒಂದೇ ತೊಡಕು, ಮಂಡಿ ಮಡಚುವಾಗಲೆಲ್ಲ ನೋವಿಗೆ ಅಯ್ಯೋ ಎನ್ನುತ್ತಿದ್ದನಾಗಿ ಅದೂ ಬಾಯಿಪಾಠದಲ್ಲಿ ಸೇರಿಕೊಂಡು, ಮೇಳದವರ ಬದಲು ತಾನೇ ಅನ್ನುತ್ತಿದ್ದ ‘ಆಹಾ ರುದ್ರ’ ಹೋಗಿ ‘ಅಯ್ಯೋ ರುದ್ರ’ ಆಗಿತ್ತು. ಕ್ಲಿನಿಕ್ಕಿನಲ್ಲಿ ಅತೀಯಾಳ ಅಜ್ಜಿ ಅಖ್ತರ್ ಬೇಗಂ ಹಿಡಿದುಕೊಂಡ ಭುಜಕ್ಕೆ ಶಾಖ ಕೊಡಿಸಿಕೊಳ್ಳುತ್ತ ಪಕ್ಕದ ಮಂಚದಲ್ಲಿರುತ್ತಿದ್ದರು. ಅವರಿಗೆ ಇದು ಟೀವಿ ಧಾರಾವಾಹಿಗಿಂತ ರುಚಿಯಾಯಿತು. ಇವನು ಬಾಗಿಲಲ್ಲಿ ಕಂಡೊಡನೆ ಕೇಳುತ್ತಿದ್ದರು: “ಏನಪ್ಪಾ, ಆ ಮಾವನ ತಲೆ ಇವತ್ತಾದ್ರೂ ಹೋಗ್ತದಾ?”

ಅದೇ ಹೋಗುತ್ತಿರಲಿಲ್ಲ. ಉಳಿದದ್ದೆಲ್ಲ ಬಂದರೂ ತಲೆ ಕಡಿಯುವ ಸಾಲು ಬರುತ್ತಿರಲಿಲ್ಲ. ಅದು ಎಲ್ಲಕ್ಕಿಂತ ದೊಡ್ಡ ನೆಗೆತದ ಸಾಲು, ಎರಡೂ ಕಾಲು ನೆಲ ಬಿಟ್ಟರೇ ಬರುವಂಥದು. ಒಂದೇ ಒಂದು ಸಲ ಸಣ್ಣದಾಗಿ ನೆಗೆಯಲೇ ಎಂದು ಅತೀಯಾಳನ್ನು ಕೇಳಿದ. ನೆಗೆದರೆ ಜೋಡಿಸಿದ ನರ ಕಿತ್ತು ಬರುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದಳು. ಅವತ್ತು ಜೊತೆಗೆ ಬಂದಿದ್ದ ಮಗಳೂ ಕೇಳಿಸಿಕೊಂಡಳು. ಆ ದಿನಕ್ಕೆ ತಾನಾಗಿ ಬರುತ್ತದೆ ಬಿಡು ಎಂದು ಸಿದ್ದಲಿಂಗೇಶ ಮಗಳಿಗೂ ತನಗೂ ಸುಳ್ಳು ಹೇಳಿಕೊಂಡ.

ವೈಶಾಖ ಬಂತು. ಗುಗ್ಗುಳ ಹೊರಟಿತು. ಧನ್ಯಶ್ರೀಯ ತಲೆಯ ಮೇಲೆ ಹೊಗೆಯಾಡುವ ಮಡಕೆ, ಮುಂದೆ ಸಮಾಳ, ಅದರ ಮುಂದೆ ಕತ್ತಿ ಹಿಡಿದ ಹೊನ್ನೇಶ, ನಟ್ಟನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಿ ಉಟ್ಟು ರುದ್ರಾಕ್ಷಿ ಹಾಕಿದ ಸಿದ್ದಲಿಂಗೇಶ. ಹಿಮ್ಮಡಿ ಜಾರಲೆಂದು ಪಾದದ ಕೆಳಗೊಂದು ಪ್ಲಾಸ್ಟಿಕ್ ಕವರ್. ಬೀದಿಯ ಮೂಲೆಮೂಲೆಗೂ ಕುರ್ಚಿ ಹಾಕಿ ಕೂರಿಸುವುದು, ಒಡಪು ಹೇಳಿಸುವುದು. ಆದರೆ ಇವನು ಕಲಿತದ್ದು ಹಿಮ್ಮಡಿ ಜಾರುವ ವೇಗದಲ್ಲಿ. ಒಂದು ಸಾಲು ಹೇಳಿ ‘ಅಯ್ಯೋ ರುದ್ರ’ ಅನ್ನುವಷ್ಟರಲ್ಲಿ ಒಂದು ಲೋಟ ಕಾಫಿ ಆರುತ್ತಿತ್ತು. ಸಮಾಳದವರು ಕೈ ಎತ್ತಿ ಎತ್ತಿ ಇಳಿಸಿದರು. ಹೊನ್ನೇಶ ಒಂಟಿಕಾಲಲ್ಲಿ ಕೊಕ್ಕರೆಯಂತೆ ಕಾದು ನಿಂತ. ಕಡೂರಿನ ಬೀಗರು ತಿಂಡಿಯ ವಾಸನೆ ಬಂದ ದಿಕ್ಕಿಗೆ ಕತ್ತು ಹೊರಳಿಸತೊಡಗಿದರು. ತಮಾಷೆಯೆಂದರೆ, ಇಷ್ಟು ವರ್ಷ ಗದ್ದಲದಲ್ಲಿ ಏನೂ ತಿಳಿಯದೆ ಕೈಮುಗಿದ ಹೆಂಗಸರು ಅವತ್ತು ಪ್ರತಿ ಮಾತೂ ಕೇಳಿ, ದಾಕ್ಷಾಯಿಣಿ ತೌರಿಗೆ ಬಂದು ಅವಮಾನ ಪಟ್ಟಾಗ ಕಣ್ಣು ಒರೆಸಿಕೊಂಡರು.

ಮನೆ ಬಾಗಿಲಿಗೆ ಬಂದರು. ಇನ್ನು ತಲೆ ಕಡಿಯುವುದೊಂದೇ ಬಾಕಿ. ವೀರಭದ್ರ ಯಾಗಶಾಲೆ ಹೊಕ್ಕ, ಜುಟ್ಟು ಹಿಡಿದ, ಕತ್ತಿ ಎತ್ತಿದ. ಅಲ್ಲಿಗೆ ನಿಂತಿತು. ಹಿಮ್ಮಡಿ ಜಾರಿಸಿದ, ಇನ್ನೊಮ್ಮೆ ಜಾರಿಸಿದ, ಕವರ್ ಹರಿಯಿತು. ಮಾತು ಬರಲಿಲ್ಲ. ಸಮಾಳ ನಿಂತಿತು. ಹೊನ್ನೇಶ ಬಗ್ಗಿ ಕಿವಿಯಲ್ಲಿ “ನಾನು ಹೇಳ್ಲಾ ಅಣ್ಣಾ?” ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಸಿದ್ದಲಿಂಗೇಶ ಕುರ್ಚಿಯ ಕೈ ಒತ್ತಿ ಹಿಡಿದು ಮೇಲೇಳತೊಡಗಿದ.

ಮಡಕೆ ಹೊತ್ತ ಮಗಳು ಹೊಗೆಯೊಳಗಿಂದಲೇ ನೋಡಿದಳು. “ಅಪ್ಪ, ನೀನು ನೆಗೆದ್ರೆ ಈ ಮಡಕೆ ಇಲ್ಲೇ ಇಳಿಸ್ತೀನಿ. ಮದುವೆನೂ ಬೇಡ, ಏನೂ ಬೇಡ.”

ಗುಗ್ಗುಳದ ಮಡಕೆಯನ್ನು ಕಾರ್ಯ ಮುಗಿಯದೆ ಇಳಿಸಿದರೆ ವೀರಭದ್ರ ಮುನಿಯುತ್ತಾನೆಂದು ಗೊತ್ತಿದ್ದವರು ‘ಶಿವಶಿವಾ’ ಎಂದರು. ತೀರ್ಥಮ್ಮನವರು ಬಾಯಿಗೆ ಸೆರಗು ಹಚ್ಚಿದರು. ಇವನು ಅತ್ತ ಏಳಲಾರ, ಇತ್ತ ಕೂರಲಾರ. ಆಗ ಅಜ್ಜಿಯನ್ನು ಕರೆದುಕೊಂಡು ಮದುವೆಗೆ ಬಂದಿದ್ದ ಅತೀಯಾ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

“ಅಂಕಲ್ ನೆಗೆಯಂಗಿಲ್ಲ,” ಎಂದಳು. “ಕುರ್ಚಿ ನೆಗೀಬಹುದು.”

ಹೊನ್ನೇಶನಿಗೆ ಮೊದಲು ಹೊಳೆಯಿತು. ಕತ್ತಿಯನ್ನು ಪಕ್ಕದವನ ಕೈಗೆ ಕೊಟ್ಟು ಕುರ್ಚಿಯ ಒಂದು ಕಡೆ ಹಿಡಿದ, ಮೇಳದ ಮೂವರು ಉಳಿದ ಕಡೆ ಹಿಡಿದರು. ಸಮಾಳಕ್ಕೆ ಪೆಟ್ಟು ಬಿತ್ತು. ತೊಂಬತ್ತು ಕೆಜಿ ಸಿದ್ದಲಿಂಗೇಶ ಕುರ್ಚಿ ಸಮೇತ ಅಂತರಿಕ್ಷಕ್ಕೆ ಹೋದ. ಎರಡೂ ಕಾಲು ನೆಲ ಬಿಟ್ಟವು. ಬಿಟ್ಟದ್ದೇ ಸಾಕು, ಬೀದಿಯ ಆ ತುದಿಗೆ ಕೇಳುವ ಹಾಗೆ ಸಾಲು ಹೊರಬಿತ್ತು, ದಕ್ಷನ ತಲೆ ಉರುಳಿತು, ಬೀಗರೂ ಸೇರಿ ಎಲ್ಲರೂ ‘ಅಯ್ಯೋ ರುದ್ರ’ ಎಂದರು, ಅಷ್ಟು ಹೊತ್ತಿಗೆ ಅದೇ ಸರಿಯೆಂದು ಅವರಿಗೆ ಅಭ್ಯಾಸವಾಗಿತ್ತು. ಮೆಲ್ಲಗೆ ಇಳಿಸಿ, ಮಂಡಿ ಜೋಪಾನ ಎಂದು ಅತೀಯಾ ಸುತ್ತ ಓಡಾಡಿದಳು. ಅಖ್ತರ್ ಬೇಗಂ ಭುಜ ನೋವು ಮರೆತು ಕೈ ಎತ್ತಿ ಅಂತೂ ಹೋಯಿತಲ್ಲ ಎಂದು ನಿಟ್ಟುಸಿರು ಬಿಟ್ಟರು.

ಹೊನ್ನೇಶ ಸೊಂಟ ಹಿಡಿದುಕೊಂಡು ನೆಟ್ಟಗಾಗುತ್ತಿದ್ದ. ಸಿದ್ದಲಿಂಗೇಶ ಅವನ ತೋಳು ತಟ್ಟಿ ನೆನಪಿಸಿದ. ದಕ್ಷನಿಗೆ ಆಡಿನ ತಲೆ ಜೋಡಿಸುವುದು ಬಾಕಿ ಇದೆಯಲ್ಲ, ಅದೂ ನೆಗೆತದ ಸಾಲೇ.

ಈಗ ಸಿದ್ದಲಿಂಗೇಶ ಅಂಗಡಿ ಮೆಟ್ಟಿಲು ಸಲೀಸಾಗಿ ಹತ್ತುತ್ತಾನೆ. ತರೀಕೆರೆಯ ಆ ಮಂಚದ ಮೇಲೆ ಮಲಗಿರುವವನು ಸೊಂಟ ಉಳುಕಿದ ಹೊನ್ನೇಶ. ಇದನ್ನು ನಿಮ್ಮ ನಿಮ್ಮ ಮನೆಯವರಿಗೆ, ಕಡೂರು ಕಡೆಯ ನೆಂಟರಿಗೆ, ಮುಖ್ಯವಾಗಿ ಮಂಡಿ ನೋವೆಂದು ಹಾಸಿಗೆ ಹಿಡಿದವರಿಗೆ ಕಳಿಸಿ. ಕೊನೆಯವರೆಗೂ ಕೇಳಿಸಿ. ಅರ್ಧಕ್ಕೆ ಬಿಟ್ಟವರು ತಲೆ ಹೋಯಿತೋ ಇಲ್ಲವೋ ಅಂತ ಊಟದ ಹೊತ್ತಿಗೆ ನನಗೇ ಫೋನ್ ಮಾಡುತ್ತಾರೆ.